ನೋವಿಲ್ಲದ ಭುಜಕ್ಕೆ ಮೂರು ಮಂಗಳವಾರ

ಬಿಗಿದ ಕೀಲುಗಳನ್ನು ಬರಿಗೈಯಿಂದಲೇ ದಾರಿಗೆ ತರುವ ಚಿಕಿತ್ಸಾಲಯದ ಒಡತಿಯೂ, ಹದಿನೇಳು ಪೂರ್ವಸಿದ್ಧತಾ ಸೂಚನೆಗಳ ಕರ್ತೃವೂ ಆದ ಮಾನ್ಯ ಫಿಸಿಯೋಥೆರಪಿಸ್ಟರೇ,

ತಮ್ಮ ಎರಡೂ ಹೆಬ್ಬೆರಳುಗಳಿಗೆ ಸಾಷ್ಟಾಂಗ ನಮಸ್ಕಾರಗಳು. ಬಲಗೈ ಸಹಕರಿಸದ ಕಾರಣ ಸದ್ಯ ಏಳೇ ಅಂಗಗಳಿಂದ ಸಲ್ಲಿಸುತ್ತಿದ್ದೇನೆ. ಬಾಕಿ ಒಂದನ್ನು ತಾವೇ ದುರಸ್ತಿ ಮಾಡಿ ವಸೂಲು ಮಾಡಿಕೊಳ್ಳತಕ್ಕದ್ದು.

ಮೊದಲಿಗೆ ನನ್ನ ಅಪರಾಧವನ್ನು ಒಪ್ಪಿಕೊಂಡುಬಿಡುತ್ತೇನೆ. ‘ಚಿಕಿತ್ಸೆಗೆ ಎರಡು ಗಂಟೆ ಮೊದಲು ಏನನ್ನೂ ತಿನ್ನಬಾರದು’ ಎಂಬ ತಮ್ಮ ನಾಲ್ಕನೆಯ ಸೂಚನೆಯನ್ನು ನಾನು ತಮ್ಮದೇ ಕಟ್ಟಡದ ಮೆಟ್ಟಿಲ ಮೇಲೆ ನಿಂತು, ಒಂದು ಬನ್ನಿನ ಸಮೇತ ನುಂಗಿದ್ದೇನೆ. ಸಾಕ್ಷ್ಯದ ಪುಡಿ ಮೊದಲ ಮಹಡಿಯ ಹೂಕುಂಡದಲ್ಲಿದೆ. ಯಾವ ಶಿಕ್ಷೆ ವಿಧಿಸಿದರೂ ತಲೆ ಬಾಗುತ್ತೇನೆ. ಶರಣಾಗತಿಯ ಗುರುತಾಗಿ ಕೈ ಎತ್ತಿ ಎಂದು ಮಾತ್ರ ಹೇಳಬೇಡಿ.

ನಾನು ಕಾಲೇಜೊಂದರ ಗ್ರಂಥಪಾಲಕ. ಪುಸ್ತಕ ಹುಡುಕಿಕೊಡುವುದರಲ್ಲಿ ಎತ್ತಿದ ಕೈ ಎಂದು ಇಪ್ಪತ್ತಾರು ವರ್ಷ ಹೆಸರು ಮಾಡಿದ ಆ ಕೈಯೇ ಮೂರು ತಿಂಗಳಿಂದ ಎದೆಯ ಮಟ್ಟದಲ್ಲಿ ಮುಷ್ಕರ ಹೂಡಿದೆ. ನಮ್ಮ ಕೆಲಸವೋ ಏಣಿಯ ಮೇಲೆ ಎಡಗೈಯಲ್ಲಿ ಕಂಬಿ ಹಿಡಿದು ಬಲಗೈ ಚಾಚುವಂಥದ್ದು. ಹಾಗಾಗಿ ಮೇಲಿನ ಸಾಲಿನ ಪುಸ್ತಕ ಕೇಳಿದವರಿಗೆಲ್ಲ ಕೆಳಗಿನ ಸಾಲಿನದೇ ಶ್ರೇಷ್ಠವೆಂದು ನಂಬಿಸುತ್ತಾ ಬಂದೆ. ಪರಿಣಾಮವಾಗಿ ಈ ವರ್ಷ ತತ್ವಶಾಸ್ತ್ರದ ವಿದ್ಯಾರ್ಥಿಗಳು ಕೋಳಿ ಸಾಕಣೆಯಲ್ಲಿ ಪಾಂಡಿತ್ಯ ಗಳಿಸಿದ್ದಾರೆ. ಇದನ್ನು ಪತ್ತೆಹಚ್ಚಿದ ಪ್ರಾಂಶುಪಾಲರು, ಬರುವ ಒಂದನೇ ತಾರೀಖಿನೊಳಗೆ ಕೈ ಮೇಲೇಳದಿದ್ದರೆ ನನ್ನನ್ನು ನೆಲಮಾಳಿಗೆಯ ಹಳೆಯ ಉತ್ತರಪತ್ರಿಕೆಗಳ ಕೋಣೆಗೆ ವರ್ಗಾಯಿಸುವುದಾಗಿ ಹೇಳಿದ್ದಾರೆ. ಅಲ್ಲಿ ಕಿಟಕಿಯಿಲ್ಲ, ಓದುಗರಿಲ್ಲ, ಇರುವ ಬರಹವೆಲ್ಲ ತಪ್ಪು ಉತ್ತರ.

ಆದ್ದರಿಂದಲೇ ತಮ್ಮ ಸೂಚನಾಪತ್ರವನ್ನು ಭಯಭಕ್ತಿಯಿಂದ ಪಾಲಿಸಿದೆ. ‘ಸಡಿಲ ಉಡುಪು’ ಎಂದಿರಿ. ಬಾಮೈದನ ಅಂಗಿ ತೊಟ್ಟು ಬಂದೆ, ಅದರೊಳಗೆ ನನ್ನ ಜೊತೆ ಇನ್ನೊಬ್ಬ ರೋಗಿ ಸಂಸಾರ ಹೂಡಬಹುದಿತ್ತು. ‘ಉಗುರು ಕತ್ತರಿಸಿಕೊಂಡು ಬನ್ನಿ’ ಎಂದಿರಿ. ಅದು ಯಾರ ಪ್ರಾಣರಕ್ಷಣೆಗೆ ಎಂಬುದು ಆಗ ಹೊಳೆಯಲಿಲ್ಲ. ‘ಆಭರಣ ಕಳಚಿ’ ಎಂದಿರಿ. ಇಪ್ಪತ್ತೆರಡು ವರ್ಷ ಕದಲದ ಮದುವೆಯುಂಗುರಕ್ಕೆ ಸಾಬೂನು ಹಚ್ಚಿ ಎಳೆಯುತ್ತಿದ್ದರೆ ನನ್ನಾಕೆ, “ಹಾಕ್ಕೊಳ್ಳೋ ದಿನ ನೀವು ಇಷ್ಟು ಒದ್ದಾಡಿರ್ಲಿಲ್ಲ ಬಿಡಿ” ಎಂದಳು. ನೋವಿಗೆ ಹತ್ತರಲ್ಲಿ ಅಂಕ ಕೊಡಿ ಎಂದಿರಿ. ವೃತ್ತಿಧರ್ಮಕ್ಕೆ ಅನುಗುಣವಾಗಿ ದಶಮಾಂಶದಲ್ಲಿ ವರ್ಗೀಕರಿಸಿ 7.328 ಎಂದು ಬರೆದೆ. ತಮ್ಮ ಸ್ವಾಗತಕಾರಿಣಿ ಅದನ್ನು ಹೊಡೆದುಹಾಕಿ, “ಸಾರ್, ಇದು ನೋವು, ಪುಸ್ತಕದ ನಂಬರ್ ಅಲ್ಲ” ಎಂದರು.

ಇನ್ನು ಹದಿನೇಳನೆಯ ಸೂಚನೆಯ ಆ ಚಿತ್ರ. ಕಣ್ಣು ಮೂಗಿಲ್ಲದ, ಬಟ್ಟೆಯಂತೂ ಇಲ್ಲವೇ ಇಲ್ಲದ ಆ ಬೋಳು ಮಹನೀಯ ನಮಗೆ ಎದುರಾಗಿದ್ದಾನೋ, ಬೆನ್ನು ಹಾಕಿದ್ದಾನೋ ಎಂಬುದು ಬಿಡಿಸಿದವರಿಗೂ ತಿಳಿದಿದ್ದಂತಿಲ್ಲ. ನೋವಿರುವಲ್ಲಿ ಗುರುತು ಹಾಕಿ ಎಂದಿದ್ದಕ್ಕೆ ನಾನು ಕನ್ನಡಿ ನೋಡಿಕೊಂಡವನಂತೆ ನನ್ನ ಬಲಕ್ಕೆ ಕಂಡ ಭುಜಕ್ಕೆ ಗುರುತು ಹಾಕಿದೆ. ಅದು ಅವನ ಎಡಭುಜವಂತೆ. ಈ ಎಡವಟ್ಟಿನ ಆಧಾರದ ಮೇಲೆ ತಾವು ಮೂರು ಮಂಗಳವಾರ ನನ್ನ ನಿರಪರಾಧಿ ಎಡಭುಜವನ್ನು ಒತ್ತಿ, ತಿರುಚಿ, ಜಗ್ಗಿದಿರಿ. ರೋಗವನ್ನು ಯಾರಾದರೂ ಗುಣಪಡಿಸಿಯಾರು. ಆರೋಗ್ಯವನ್ನೇ ಗುಣಪಡಿಸುವ ತಮ್ಮ ವಿದ್ಯೆಗೆ ಸಾಟಿಯೆಲ್ಲಿ? ಆ ಎಡಗೈ ಈಗ ಕಪಾಟಿನ ನೆತ್ತಿ ಸವರುತ್ತದೆ, ಬೆನ್ನಿನ ನಟ್ಟನಡುವೆ ಕೆರೆಯುತ್ತದೆ. ಬಲಗೈ ಮಾತ್ರ ಕುಳಿತಲ್ಲೇ ಕುಳಿತು ಇದನ್ನೆಲ್ಲ ನೋಡುತ್ತಿದೆ.

ಆದರೂ ನಾನು ಒಮ್ಮೆಯಾದರೂ ನರಳಿದೆನೇ? “ಇಷ್ಟು ತಡ್ಕೊಳ್ಳೋರನ್ನ ನಾನು ನೋಡೇ ಇಲ್ಲ ಸಾರ್” ಎಂದು ತಾವೇ ಬೆರಗಾದಿರಿ. ಆ ಮಾತನ್ನು ನಾನು ಇಡೀ ಕಾಲೇಜಿಗೂ, ತಮ್ಮ ಹೊರಗಿನ ಬೆಂಚಿನ ಮೇಲೆ ಕಾಯುವ ಸಮಸ್ತ ಸೊಂಟನೋವಿನವರಿಗೂ ಸಾರಿದ್ದೇನೆ.

ಆದಕಾರಣ ತಾವು ದಯಮಾಡಿ, ಇಂದಿನಿಂದ ನನ್ನ ಎಡಗೈಯೇ ಬಲಗೈ ಎಂದು ಮೊಹರು ಸಮೇತ ಪ್ರಮಾಣಪತ್ರ ಕೊಡಬೇಕು. ಆಗದಿದ್ದರೆ ನಮ್ಮ ಗ್ರಂಥಾಲಯದ ಗೋಡೆಗಳನ್ನು ಮೂರಡಿ ಕೆಳಕ್ಕೆ ಜಗ್ಗಬೇಕು. ಅದೂ ಆಗದಿದ್ದರೆ ಆ ಬೋಳು ಮಹನೀಯನನ್ನೇ, ಏನಾದರೂ ಉಡಿಸಿ, ನನ್ನ ಏಣಿ ಹತ್ತಲು ಕಳಿಸಿಕೊಡಬೇಕೆಂದು ವಿನಂತಿ.

ಇಂತಿ, ಎಡಗಡೆಯಿಂದ ಸಂಪೂರ್ಣ ಗುಣಮುಖನಾದ,
ತಮ್ಮ ವಿಶ್ವಾಸಿ,
ಒಬ್ಬ ಬಲಹೀನ ಗ್ರಂಥಪಾಲಕ

ಮರೆತಿದ್ದ ಮಾತು: ಮೊದಲ ಮಂಗಳವಾರ ತಾವು ಎಡಗೈ ಹಿಡಿದು, “ಇದೇ ಭುಜ ತಾನೇ ಸಾರ್?” ಎಂದು ಕೇಳಿದ್ದು ನಿಜ. ಸರಿಯಾಗಿ ಆ ಗಳಿಗೆಗೇ ಪಕ್ಕದ ಪರದೆಯ ಆಚೆ ತಮ್ಮ ಸಹಾಯಕಿಯ ಕೈಗೆ ಸಿಕ್ಕಿದ್ದ ಬಲಭುಜದ ನೋವಿನವನೊಬ್ಬ, “ಅಯ್ಯೋ, ಬಿಟ್ಬಿಡಿ ತಾಯೀ!” ಎಂದು ಕೂಗಿದ. ನಾನು “ಹೂಂ, ಇದೇ” ಎಂದೆ. ಮುಂದಿನ ಎರಡು ಮಂಗಳವಾರವೂ ಅದನ್ನೇ ಅಂದೆ. ಈಗ ಒಂದನೇ ತಾರೀಖಿಗೆ ಹತ್ತೇ ದಿನ ಉಳಿದಿದ್ದು, ತಮ್ಮ ಹೆಬ್ಬೆರಳಿಗಿಂತ ನೆಲಮಾಳಿಗೆಯೇ ಹೆಚ್ಚು ಭಯಂಕರವಾಗಿ ಕಾಣುತ್ತಿರುವುದರಿಂದ ಈ ಮಂಗಳವಾರ ಬಲಭುಜವನ್ನು ಒಪ್ಪಿಸುತ್ತೇನೆ. ಬೆಂಚಿನವರಿಗೆ ಕೇಳಿಸದಂತೆ ರೇಡಿಯೋ ಜೋರಾಗಿ ಹಾಕಿಸಿ. ನಿನ್ನೆ ಅಂಗಿ ತೊಡಿಸುವಾಗ ನನ್ನಾಕೆ ಆ ಕೈಯನ್ನು ಎದೆಯ ಮಟ್ಟಕ್ಕಿಂತ ಒಂದಿಂಚು ಮೇಲೆತ್ತಿದ್ದಕ್ಕೆ, ಪಕ್ಕದ ಮನೆಯವರು ಓಡಿ ಬಂದು ಬಾಗಿಲು ಬಡಿದರು. “ಏನಿಲ್ಲ, ಬೆಕ್ಕಿನ ಬಾಲ ತುಳಿದ್ವಿ” ಎಂದು ಹೇಳಿ ಕಳಿಸಿದಳು. ನಮ್ಮ ಮನೆಯಲ್ಲಿ ಬೆಕ್ಕಿಲ್ಲ.