ಆಯಿಯ ಕಿವಿಗೆ ಕಾಕಾನ ಪ್ಲಗ್ಗು

ನಮ್ಮ ಕಾಕಾನ್ನ ನಿಮ್ಮ ಮನಿಗೆ ಚಾಕ್ಕ ಕರೀಬ್ಯಾಡ್ರಿ. ಕರೀಲೇಬೇಕಂದ್ರ, ಮೊದಲ ಗ್ವಾಡಿಮ್ಯಾಲಿನ ಸ್ವಿಚ್ ಬೋರ್ಡಿಗೆ ಒಂದು ಕ್ಯಾಲೆಂಡರ್ ಅಡ್ಡಾ ತೂಗಹಾಕಿ ಆಮ್ಯಾಲ ಕರೀರಿ. ಇಲ್ಲಾಂದ್ರ ಅಂವಾ ಹೊಸ್ತಿಲಾ ದಾಟಿದ್ದ ತಡಾ, ನಿಮ್ಮನ್ನ ‘ಆರಾಮ ಅದೀರೇನ್ರಿ’ ಅಂತ ಕೇಳೂದ್ ಬಿಟ್ಟು ನಿಮ್ಮ ಟಿವಿ ಪ್ಲಗ್ಗಿನ ಯೋಗಕ್ಷೇಮ ವಿಚಾರಸ್ತಾನ. ಹಿಡದು ಅಲಗಾಡಸ್ತಾನ. ಅದೇನರ ಅಲಗಾಡಿತೋ, ಮುಗೀತು. ಮಾರಿ ಸಣ್ಣದ ಮಾಡ್ಕೊಂಡು, ಸತ್ತವರ ಮನಿಗೆ ಮಾತಾಡ್ಸಾಕ ಬಂದಾವ್ರಂಗ ಕುಂತಬಿಡತಾನ. ನೀವು ಕೊಟ್ಟ ಚಾ ಆರಿ ಕೆನಿಗಟ್ಟತೈತಿ.

ಇದು ತೊಂಬತ್ತರ ದಶಕದ ಮಾತು, ಅದರ ಮುಂದಿನ ದಶಕದ್ದೂ ಹೌದು. ಆಗ ನಮ್ಮ ಬೈಲಹೊಂಗಲದಾಗ ಪ್ಲಗ್ಗು ಅಂದ್ರ ಏನಂತ ತಿಳ್ಕೊಂಡೀರಿ? ವಾಯರಿನ ತುದಿ ಹಲ್ಲೀಲೆ ಸುಲಿಯೂದು, ಬೋರ್ಡಿನ ಎರಡು ತೂತಿನ್ಯಾಗ ತುರುಕೂದು, ಬಿದ್ದು ಹೋಗಬಾರದಂತ ಮ್ಯಾಲ ಎರಡು ಕಡ್ಡಿಪೆಟಗಿ ಕಡ್ಡಿ ಚುಚ್ಚೂದು. ಕಡ್ಡಿ ಸಿಗಲಿಲ್ಲಂದ್ರ ದೇವರ ಜಗಲಿ ಮ್ಯಾಲಿನ ಊದಿನಕಡ್ಡಿ. ನಮ್ಮ ಮನಿ ಮಿಕ್ಸರು, ಇಸ್ತ್ರಿ, ಟೇಪ್ ರೆಕಾರ್ಡರು ಎಲ್ಲಾ ಈ ಕಡ್ಡಿಗಳ ಪುಣ್ಯೇದಾಗ ನಡೀತಿದ್ದುವು. ಇಂಥಾ ಮನ್ಯಾಗ ಹುಟ್ಟಿದ ನಮ್ಮಪ್ಪನ ತಮ್ಮ ಪುಣೇದಾಗ ಒಂದು ಕಂಪನಿಯೊಳಗ ಕನೆಕ್ಟರ್ ಡಿಸೈನ್ ಮಾಡೂ ಇಂಜಿನಿಯರ್ ಆದಾ. ದೇವರ ಆಟ ಅಂದ್ರ ಇದ ನೋಡ್ರಿ.

ಊರಿಗೆ ಬಂದಾಗ ಮಂದಿ, “ಏನ್ ಕೆಲಸ ಮಾಡ್ತೀಪಾ?” ಅಂತ ಕೇಳವ್ರು. ಕೇಳಬಾರದಿತ್ತು. ಅಂವಾ ಅವರನ್ನ ಕಟ್ಟಿಮ್ಯಾಲ ಕುಂಡ್ರಿಸಿ ಶುರು ಹಚ್ಚಾಂವ. ದೊಡ್ಡ ಕಂಪ್ಯೂಟರಿನ ಹೊಟ್ಟ್ಯಾಗ ಸಾಲಾಗಿ ಹಲಗಿ ನಿಂತಿರ್ತಾವು. ಒಂದು ಹಲಗಿಯಿಂದ ಇನ್ನೊಂದಕ್ಕ ಮಾಹಿತಿ ಓಡತೈತಿ. ನಮ್ಮೂರ ಗ್ರಂಥಾಲಯದಾಗಿನ ಪುಸ್ತಕಾ ಎಲ್ಲಾ, ನೀವು ಕಣ್ಣ ಮುಚ್ಚಿ ತಗಿಯೂದ್ರಾಗ ಈ ಕಡೆಯಿಂದ ಆ ಕಡೆ ಹೋಗಿರ್ತಾವು. ನಡುವ ಒಂದು ಪ್ಲಗ್ಗು. ಅದು ಹಾಕಾಕೂ ಬರಬೇಕು, ತಗಿಯಾಕೂ ಬರಬೇಕು, ಓಡೂ ಮಾಹಿತಿ ಅಲ್ಲೆ ಎಡವಬಾರದು. “ಆ ಪ್ಲಗ್ಗು ಮಾಡಾಂವ ನಾನು” ಅಂತ ಮುಗಸಾಂವ. ಮಂದಿ ಎಲ್ಲಾ ಶಾಂತರೀತಿಲೆ ಕೇಳಿ, “ಹಂಗಾರ ನಮ್ಮ ಬೋರಿನ ಸ್ಟಾರ್ಟರ್ ಒಂಚೂರು ನೋಡಿ ಹೋಗಲಾ” ಅನ್ನವ್ರು.

ನಮ್ಮ ಆಯಿ, ಅಂದ್ರ ಅವನ ಹಡದವ್ವ, ಇನ್ನೂ ಸರಳ ಮಾಡಿಬಿಟ್ಟಿದ್ಲು. ಬಂದವರ ಮುಂದೆಲ್ಲಾ, “ಸಣ್ಣಾಂವ ಪುಣೇದಾಗ ವಾಯರ್‌ಮನ್ ಅದಾನ” ಅನ್ನಾಕಿ. ಊರ ಮಂದಿ ಏನಂದ್ರೂ ಕಾಕಾ ತಲಿಗೆ ಹಚ್ಕೊಳ್ಳಲಿಲ್ಲ. ಆದ್ರ ಆಯಿಯ ಬಾಯಾಗಿನ ಈ ‘ವಾಯರ್‌ಮನ್’ ಅವನಿಗೆ ಮುಳ್ಳು ಮುರದಂಗ ಆಗಿತ್ತು. ಒಂದಿನಾ ಅವ್ವನ ಮುಂದ ಕುಂತು, ತಾ ಮಾಡೂ ಕೆಲಸ ಏನಂತ ಆಕಿಗೆ ತಿಳಿಯೂವಂಗ ಹೇಳಬೇಕು, ಆಕಿ ಪೂರಾ ಕೇಳಬೇಕು. ಇದೊಂದ ಅವನ ಜೀವದ ಆಸೆ.

ಇಂಥಾವಗ ಹೆಣ್ಣು ಯಾರ್ ಕೊಡತಾರ ಅಂತ ನೀವು ಕೇಳಬಹುದು. ಸವದತ್ತಿಯವರು ಕೊಟ್ಟರು. ಹೆಣ್ಣು ನೋಡಾಕ ಹೋದಾಗ ಯಾರದೋ ಕಾಲು ವಾಯರಿಗೆ ತಾಗಿ ಟೇಬಲ್ ಫ್ಯಾನು ನಿಂತತು. ಹಿರ್‍ಯಾರು ಎಲ್ಲಾ ಬೆವರು ಒರಿಸ್ಕೋತ ಕುಂತ್ರು. ವರ ಮಹಾಶಯ ಟೇಬಲ್ಲಿನ ಬುಡಕ ಹೊಕ್ಕಾ. ಅದ ಹೊತ್ತಿಗೆ ಹುಡುಗಿ ಉಪ್ಪಿಟ್ಟಿನ ತಾಟು ಹಿಡಕೊಂಡು ಹೊರಗ ಬಂದ್ಲು. ಆ ಹುಡುಗೀನ ನಮ್ಮ ಚಿಗವ್ವ. ಇವತ್ತಿಗೂ ಆಕೀನ್ನ ಕೇಳ್ರಿ, ಹೇಳತಾಳ. “ನಾ ನೋಡಿದ್ದು ಬರೇ ಕಾಲು. ಕಾಲು ಛಲೋ ಇದ್ದುವು, ಹೂಂ ಅಂದೆ.”

ಲಗ್ನ ಆದಮ್ಯಾಲರ ಸುಧಾರಿಸ್ತಾನ ಅಂತ ತಿಳ್ಕೊಂಡಿದ್ವಿ. ಒಮ್ಮೆ ಎಲ್ಲಾರೂ ಕೂಡಿ ನವಿಲುತೀರ್ಥಕ್ಕ ಡ್ಯಾಮ್ ನೋಡಾಕ ಹೋದ್ವಿ. ಹೊಳ್ಳಿ ಬರೂಮುಂದ ಮುನವಳ್ಳಿ ಹಂತೇಕ ಒಂದು ಹೊಲದ ಬದುವಿನ ಮ್ಯಾಲ ಬುತ್ತಿ ಬಿಚ್ಚಿದ್ವಿ. ಸಜ್ಜಿರೊಟ್ಟಿ, ಬದನಿಕಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಕಾಕಾನ ಕಣ್ಣು ಮಾತ್ರ ಪಕ್ಕದಾಗ ಹರಿಯೂ ಕಾಲುವಿ ಮ್ಯಾಲ. ಪ್ಯಾಂಟು ಮಡಚಿ ಇಳದಾ, ಒಂದು ಚಪ್ಪಡಿಕಲ್ಲು ತಂದು ಅರ್ಧಾ ಕಾಲುವಿಗೆ ಅಡ್ಡಾ ನಿಲ್ಲಿಸಿದಾ. ಅಂಗೈಲೆ ನೀರು ತಟ್ಟಿ ತೆರಿ ಎಬ್ಬಿಸಿ, “ನೋಡ್ರಿಲ್ಲೆ, ತೆರಿ ಕಲ್ಲಿನ ತನಕ ಹೋಗಿ ಅರ್ಧಾ ಹೊಳ್ಳಿ ಬಂತು. ಪ್ಲಗ್ಗಿನ್ಯಾಗೂ ಹಿಂಗ. ದಾರಿಯ ಅಗಲ ಒಮ್ಮಿಗಲೆ ಬದಲಾತಂದ್ರ ಮಾಹಿತಿ ಹೊಳ್ಳಿ ಬರತೈತಿ” ಅಂತ ಒದರಾಕ ಹತ್ತಿದಾ. ಅಷ್ಟೊತ್ತಿಗೆ ಆ ಹೊಲದಾಂವ ಬಡಿಗಿ ಹಿಡಕೊಂಡು ಬಂದಾ. ಕಾಕಾಗ ಹೊಸಾ ಶ್ರೋತೃ ಸಿಕ್ಕ ಖುಷಿ. ಅವಗೂ ಮೊದಲಿನಿಂದ ಎಲ್ಲಾ ತಿಳಿಸಿ ಹೇಳಿದಾ. ಆ ಪುಣ್ಯಾತ್ಮ ಬಡಿಗಿ ಊರಿ ಕುಂತು ಎಲ್ಲಾ ಕೇಳಿ, “ಖರೆ ಐತ್ರಿ ಸಾಹೇಬ್ರ. ಅರ್ಧಾ ನೀರು ಹೊಳ್ಳಿ ಹೋಗಾಕ ಹತ್ತೈತಿ. ಅದು ನನ್ನ ಪಾಳಿ ನೀರು. ಕಲ್ಲು ತಗೀರಿ” ಅಂದಾ.

ರಾಮದುರ್ಗದಾಗ ಬೀಗರ ಮನಿ ತೊಟ್ಟಿಲ ಕಾರ್ಯದಾಗ ಇನ್ನೊಂದು ನಾಟಕ. ಎರಡು ವಾಯರು ಮಗ್ಗಲ ಮಗ್ಗಲಕ ಇದ್ರ ಒಂದರ ಮಾತು ಇನ್ನೊಂದರಾಗ ಹೊಕ್ಕು ಗದ್ದಲಾಗತೈತಂತ. ಅದಕ್ಕ ನಡುವ ಒಂದು ಸುಮ್ಮನಿರೂ ವಾಯರು ಇಟ್ಟು ಅದನ್ನ ಅರ್ಥಿಗೆ, ಅಂದ್ರ ನೆಲಕ್ಕ, ಜೋಡಸ್ತಾರಂತ. ಈ ವಿದ್ಯಾ ಊಟದ ಪಂಗತಿಗೂ ಹತ್ತತೈತಿ ಅಂತ ಕಾಕಾನ ತಲಿಗೆ ಹೊಳೀತು. ಬೀಗರ ಕಡೆ ಇಬ್ಬರು ಅತ್ತೆಂದಿರು ಇದ್ರು. ಅವರಿಬ್ಬರು ಮಗ್ಗಲಕ ಕುಂತ್ರಂದ್ರ ಬಡಸಾವ್ರಿಗೆ ಯಾರಿಗೆ ಏನು ಬೇಕಂತ ಕೇಳತಿರಲಿಲ್ಲ. ಅವರ ನಡುವ ಕಾಕಾ ಒಬ್ಬ ರಿಟೈರ್ ಆದ ಮಾಸ್ತರ್‍ನ್ನ ತಂದು ಕುಂಡ್ರಿಸಿದಾ. ಆ ಮಾಸ್ತರು ‘ಹೂಂ’ ಬಿಟ್ಟು ಎರಡನೇ ಮಾತು ಆಡಿದ್ದು ಯಾರೂ ಕೇಳಿದ್ದಿಲ್ಲ. ಹೋಳಿಗಿ ಬರೂದ್ರಾಗ ಅದೇ ಮಾಸ್ತರು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊಳ್ಳಿ, ತಮ್ಮ ಸ್ವಂತ ಮನಿಯ ಗುಟ್ಟೆಲ್ಲಾ ಇಬ್ಬರಿಗೂ ಹಂಚಾಕ ಹತ್ತಿದ್ರು. ಕಾಕಾ ದೂರ ನಿಂತು ನೋಡಿ, “ಅರ್ಥಿಂಗ್ ಬರೋಬ್ಬರಿ ಇಲ್ಲ” ಅಂತ ಗೊಣಗಿದಾ.

ಹಿಂಗ ನಗಿಚಾಟಿಕಿಯೊಳಗ ವರ್ಷ ಹೋದುವು. ಅಷ್ಟೊತ್ತಿಗೆ ಆಯಿಯ ಕಿವಿ ಮಂದ ಆದುವು.

ಬೆಳಗಾವಿಗೆ ಕರಕೊಂಡು ಹೋಗಿ ಕಿವಿ ಮಿಷನ್ ಹಾಕಿಸಿಕೊಂಡು ಬಂದ್ವಿ. ಆಗಿನ ಮಿಷನ್ ಅಂದ್ರ ಕಡ್ಡಿಪೆಟಗಿಗಿಂತ ತುಸು ದೊಡ್ಡ ಡಬ್ಬಿ, ಸಣ್ಣ ಚೀಲದಾಗ ಹಾಕಿ ಕೊಳ್ಳಿಗೆ ತೂಗಬಿಟ್ಟುಕೊಳ್ಳೂದು. ಡಬ್ಬಿಯಿಂದ ಕಿವಿತನಕ ಒಂದು ವಾಯರು. ಆ ವಾಯರು ಡಬ್ಬಿಗೆ ಕೂಡೂ ಕಡೆ ಒಂದು ಪ್ಲಗ್ಗು, ಬೆರಳತುದಿಯಷ್ಟು. ಆಯಿಯ ಬೆರಳು ಸಂಧಿವಾತಕ್ಕ ಸೊಟ್ಟ ಆಗಿದ್ದುವು, ಕಣ್ಣೂ ಅಷ್ಟಕ್ಕಷ್ಟ. ಪ್ಲಗ್ಗು ತಿರುವುಮುರುವು ಹಾಕಿದ್ರ ಹೋಗ್ತಿರಲಿಲ್ಲ. ಸರಿ ಹಾಕಿದ್ರೂ ಎರಡು ತಿಂಗಳದಾಗ ಸಡಲಾಗಿ ಬರೇ ಖರ್ ಖರ್.

ಕಾಕಾ ಸೂಟಿಗೆ ಬಂದಾ. ಪುಣೆ ಬಸ್ಸಿನಿಂದ ಕಿತ್ತೂರಾಗ ಇಳದು, ಟೆಂಪೋದಾಗ ಜೋತಾಡ್ಕೋತ ಬಂದು, ಕಾಲಿಗೆ ನೀರು ಸೈತ ಹಾಕ್ಕೊಳ್ಳದ ಆಯಿಯ ಮುಂದ ಕುಂತಾ. “ಅವ್ವಾ” ಅಂದಾ. ಆಯಿ, “ಆಂ?” ಅಂದ್ಲು. ಮತ್ತೊಮ್ಮೆ “ಅವ್ವಾ” ಅಂದಾ. ಆಯಿ ಕಿವಿಯೊಳಗಿಂದು ಕಿತ್ತು, “ಇದರಾಗ ಯಾರೋ ಶೇಂಗಾ ಹುರೀಲಿಕ್ಹತ್ಯಾರ” ಅಂದ್ಲು. ನಾವೆಲ್ಲಾ ನಕ್ಕವಿ. ಕಾಕಾ ನಗಲಿಲ್ಲ. “ನಾ ಮಾಡಿದ ಪ್ಲಗ್ಗಿನ್ಯಾಗ ಇಡೀ ಗ್ರಂಥಾಲಯ ದಾಟಿ ಹೋಗತೈತಿ. ನಮ್ಮವ್ವನ ಪ್ಲಗ್ಗಿನ್ಯಾಗ ‘ಅವ್ವಾ’ ಅನ್ನೂದೊಂದು ದಾಟವಲ್ದು” ಅಂತಂದು ಕಣ್ಣಾಗ ನೀರು ತಂದಾ. ಊರ ಮನ್ಯಾಗ ನಮ್ಮ ಜೋಡಿನ ಇರೂ ಚಿಗವ್ವ ರೊಟ್ಟಿ ಬಡಿಯೂದು ನಿಲ್ಲಿಸದ, “ಅಳ್ಕೋತ ಯಾಕ ಕುಂದರತೀರಿ, ಒಂದು ಮಾಡ್ರಿ” ಅಂದ್ಲು.

ಮಾಡಿದಾ. ದೀಪಾವಳಿಗೆ ಬರೂಮುಂದ ಹೊಸಾ ಪ್ಲಗ್ಗು ತಂದಾ, ಡಬ್ಬಿಗೆ ತಾನ ಕುಂತು ಜೋಡಿಸಿದಾ. ಒಳಗ ಹೋತಂದ್ರ ‘ಟಕ್’ ಅಂತ ಕೊಂಡಿ ಬೀಳೂದು. ಎತ್ತು ಹೂಡಿ ಎಳದ್ರೂ ಬಿಚ್ಚೂವಂಥಾದ್ದಲ್ಲ. ಖರ್ ಖರ್ ಸದ್ದಡಗಿತು. ಆಯಿ ಮೊದಲನೇ ದಿನ ಗುಬ್ಬಿ ಒದರೂದು ಕೇಳಿ ಸಣ್ಣ ಹುಡುಗ್ಯಾರಂಗ ಕುಂತ್ಲು. ಕಾಕಾನ ಎದಿ ಊರಗಲ ಆತು.

ಮರುದಿನಾ ಆಯಿಯ ಮಾರಿ ಗಂಟ. ಅದರ ಮರುದಿನಾ ರೊಟ್ಟಿ ಬ್ಯಾಡಂದ್ಲು. ಕಡೀಕ ಕಾಕಾನ್ನ ಕರದು, “ಏ ವಾಯರ್‌ಮನ್, ಬಾ ಇಲ್ಲೆ. ಹಾಕೂದಷ್ಟ ಮಾಡೀದೆಲ್ಲ, ತಗಿಯೂದು ಯಾರು ಮಾಡಬೇಕು, ನಿಮ್ಮಪ್ಪ?” ಅಂದ್ಲು.

ಆಗ ಹೊರಬಿತ್ತು ನೋಡ್ರಿ ನಮ್ಮ ಆಯಿಯ ಕಾರಭಾರ. ಮೊದಲಿನ ಸಡಲ ಪ್ಲಗ್ಗು ಇದ್ದಾಗ ಆಕಿ ಬ್ಯಾರೇನ ದಾರಿ ಕಂಡುಕೊಂಡಿದ್ಲು. ನಮ್ಮವ್ವ ಚಿಗವ್ವನ ಮ್ಯಾಲ ಚಾಡಿ ಹೇಳಾಕ ಬಂದ್ಲಂದ್ರ ಸೆರಗಿನೊಳಗ ಕೈ ಹಾಕಿ ಮೆಲ್ಲಕ ಪ್ಲಗ್ಗು ಕೀಳೂದು. ಅಪ್ಪ ಹೊಲದ ಪಾಲಿನ ಮಾತು ತಗದಾ, ಕೀಳೂದು. ಆಜುಬಾಜೂದಾಕಿ ತನ್ನ ಮಣಕಾಲ ಬ್ಯಾನಿ ಶುರು ಮಾಡಿದ್ಲು, ಕೀಳೂದು. ಮ್ಯಾಲ ಮಾತ್ರ, “ಹೌದಲ್ಲ, ಹಂಗ ನೋಡು” ಅಂತ ತಲಿ ಅಲ್ಲಾಡಸೂದು. ನಾವೆಲ್ಲಾ ಆಯಿಗೆ ನಮ್ಮ ಸಂಕಟಾ ಹೇಳಿ ಹಗರಾಗಿ ಹೋಗತಿದ್ವಿ. ನಮ್ಮ ಕೂಡು ಮನಿತನ ಒಡೀದಂಗ ಉಳಿದಿದ್ದು ಆ ಕೆಟ್ಟ ಪ್ಲಗ್ಗಿನ ಮ್ಯಾಲ ಅಂತ ಯಾರಿಗೆ ಗೊತ್ತಿತ್ತು?

“ಅವ್ವಾ, ಬಿಗಿ ಇದ್ರನ ಛಲೋ ಕೇಳತೈತಿ” ಅಂತ ಕಾಕಾ ವಾದಾ ಮಾಡಿದಾ.

“ಕೇಳೂದು ಕೇಳತೈತಪಾ. ಇಡೀ ದಿನಾ ಹಿಂಗ ಕೇಳ್ಕೋತ ಕುಂತ್ರ ಈ ಮನ್ಯಾಗ ಒಬ್ಬರ ಮ್ಯಾಲೂ ನನಗ ಅಂತಃಕರಣ ಉಳಿಯಂಗಿಲ್ಲ.”

ಕಾಕಾ ಅವತ್ತು ಊಟಕ್ಕ ಕುಂತು ಆ ಪ್ಲಗ್ಗನ್ನ ತಿರುವಿ ತಿರುವಿ ನೋಡಿದಾ. ಹಾಕಾಕೂ ಬರಬೇಕು ತಗಿಯಾಕೂ ಬರಬೇಕು ಅಂತ ಊರ ಮಂದಿಗೆಲ್ಲಾ ಹೇಳಿದಾಂವ ಅಂವಾನ. ಹೋಳಿಗಿ ಎಲಿಮ್ಯಾಲ ಹಂಗ ಇತ್ತು.

ಯುಗಾದಿಗೆ ಇನ್ನೊಂದು ತಂದಾ. ಇದನ್ನ ಹೆಂಗ ಹಿಡದು ಚುಚ್ಚಿದ್ರೂ ಹೋಗೂದು. ಮ್ಯಾಲೇನು ಕೆಳಗೇನು ಅಂತ ನೋಡೂ ಕೆಲಸಿಲ್ಲ, ಕಣ್ಣೂ ಬ್ಯಾಡ. ಕುಂತಮ್ಯಾಲ ಅಲಗಾಡೂದಿಲ್ಲ. ತುದಿಗೆ ಒಂದು ಸಣ್ಣ ಉಂಗುರ, ಸೊಟ್ಟ ಬೆರಳು ತೂರಿಸೂವಷ್ಟು. ಅದರಾಗ ಬೆರಳು ಹಾಕಿ ತುಸು ಎಳದ್ರ ಸಾಕು, ಸದ್ದಿಲ್ಲದ ಬಿಡೂದು. ಆಯಿ ಹಾಕಿ ನೋಡಿದ್ಲು, ತಗದು ನೋಡಿದ್ಲು, ಮತ್ತ ಹಾಕಿದ್ಲು. “ಈಗ ಶಾಣ್ಯಾ ಆದಿ” ಅಂದ್ಲು.

ಅದ ಮಧ್ಯಾಹ್ನ ಕಾಕಾ ಆಕಿಯ ಮುಂದ ಚಕ್ಕಳಮಕ್ಕಳ ಹಾಕಿ ಕುಂತು ತನ್ನ ಕೆಲಸದ ಪುರಾಣಾ ಬಿಚ್ಚಿದಾ. ಹಲಗಿ, ತೆರಿ, ಮಗ್ಗಲ ವಾಯರಿನ ಗದ್ದಲ, ಎಲ್ಲಾ. ನಾವು ಬಾಗಿಲದಾಗ ನಿಂತು ಆಯಿಯ ಬೆರಳನ್ನ ಕಾಯಾಕ ಹತ್ತಿದ್ವಿ. ಈಗ ಉಂಗುರದಾಗ ಹೋಗತೈತಿ, ಆಗ ಹೋಗತೈತಿ. ಹೋಗಲೇ ಇಲ್ಲ. ಎಲ್ಲಾ ಮುಗದಮ್ಯಾಲ ಆಯಿ ಒಂದ ಪ್ರಶ್ನೆ ಕೇಳಿದ್ಲು. “ಪ್ಲಗ್ಗಿನ ಕಡ್ಡಿಗೆ ಬಂಗಾರ ಹಚ್ಚತೇವಿ ಅಂದೆಲ್ಲ, ಎಷ್ಟು ತೊಲಿ?”

“ತೊಲಿ ಎಲ್ಲೀದವ್ವಾ, ಬರೇ ತೆಳ್ಳನ ಲೇಪ.”

“ಹಂಗಾರ ಬಡೂರ ಕಂಪನಿ” ಅಂದ್ಲು ಆಯಿ. ಮರುದಿನದಿಂದ ಬಂದವರಿಗೆ, “ನಮ್ಮಾಂವ ಬಂಗಾರದ ಕೆಲಸದ ವಾಯರ್‌ಮನ್” ಅಂತ ಹೇಳಾಕ ಹತ್ತಿದ್ಲು. ಕಾಕಾ ಇದನ್ನ ಬಡ್ತಿ ಅಂತ ತಿಳ್ಕೊಂಡಾ.

ಮುಂದ ಕೆಲವು ವರ್ಷ ಆಕಿ ಉಳಿದವರಿಗೆ ಪ್ಲಗ್ಗು ಕೀಳೂದು, ಕಾಕಾ ಬಂದಾಗ ಹಾಕೂದು, ಹಿಂಗ ನಡೀತು. ಒಂದು ಯುಗಾದಿ ಮುಂಜಾನೆ, ಕಾಕಾ ಬರೂಕಿಂತ ಮೊದಲ ಹೊಸಾ ಸೆಲ್ಲು ಹಾಕೂಣಂತ ನಾ ಡಬ್ಬಿ ಬಿಚ್ಚಿದೆ. ಒಳಗ ಸೆಲ್ಲ ಇಲ್ಲ. ಸೆಲ್ಲಿನ ಗೂಡಿನ್ಯಾಗ ಧೂಳ ಕುಂತಿತ್ತು. ಆಯಿ ಗಪ್ಪನ ನನ್ನ ಕೈ ಹಿಡದ್ಲು.

“ಕೇಳೂದು ಯಾವಾಗೋ ಪೂರಾ ನಿಂತೈತಿ. ಅಂವಗ ಹೇಳಬ್ಯಾಡ. ಪ್ಲಗ್ಗು ಕೆಲಸ ಮಾಡತೈತಿ ಅಂತ ತಿಳ್ಕೊಂಡಾನ, ಹಂಗ ಇರಲಿ ಬಿಡು.”

ಮನಿ ತುಂಬ ಮಂದಿ ಇದ್ರೂ ನಮಗ ಯಾರಿಗೂ ಗೊತ್ತಾಗಿರಲಿಲ್ಲ. ಹೆಂಗ ಗೊತ್ತಾಗಬೇಕು? ಮೊದಲಿಂದಲೂ ತಲಿ ಅಲ್ಲಾಡಿಸ್ಕೋತ ಬಂದಾಕಿ ಆಕಿ.

ಮಧ್ಯಾಹ್ನ ಕಾಕಾ ಬಂದಾ. ಅವನ ಕಣ್ಣ ಮುಂದನ ಆಯಿ ಚೀಲದಿಂದ ಡಬ್ಬಿ ತಗದು, ಪ್ಲಗ್ಗು ಚುಚ್ಚಿ, ವಾಯರು ಕಿವಿಗೆ ಇಟ್ಟುಕೊಂಡು, “ಹೂಂ, ಹೇಳಪಾ” ಅಂದ್ಲು. ಅಂವಾ ಎರಡು ತಾಸು ಹೇಳಿದಾ. ಅಂವಾ ಉಸರು ತಗೊಳ್ಳಾಕ ನಿಂತಾಗೊಮ್ಮೆ ಆಕಿ “ಹೂಂ” ಅಂದ್ಲು. ನನಗ ನೋಡಾಕ ಆಗಲಿಲ್ಲ, ಅಡಿಗಿಮನಿಗೆ ಹೋಗಿ ಸುಮ್ಮನ ಭಾಂಡೆ ತಿಕ್ಕಿದೆ.

ಮರುದಿನಾ ಕೆಲಸಕ್ಕ ಹೋಗಬೇಕಂತ ಸಂಜೀಕನ ಹೊಂಟ ಕಾಕಾನ್ನ ಬಸ್‌ಸ್ಟ್ಯಾಂಡಿನ ತನಕ ಕಳಸಾಕ ಹೋದೆ. ಕಿತ್ತೂರ ಬಸ್ಸು ಹಚ್ಚಿತ್ತು. ಚೀಲಾ ಹೆಗಲಿಗೆ ಏರಿಸ್ಕೋತ ಅಂವಾ, “ತಂಗೀ, ಆಯಿಯ ಡಬ್ಬಿಗೆ ಸೆಲ್ಲಿನ ಮುಚ್ಚಳಾ ಸಡಲ ಆಗೇತಿ. ಮುಂದಿನ ಸಲ ಬಂದಾಗ ಸರಿ ಮಾಡತೇನಿ” ಅಂದಾ.

“ಅದನ್ನ ತಗದು ನೋಡೀಯೇನ್ ಕಾಕಾ?”

“ದೀಪಾವಳಿಗೆ ಬಂದಾಗ. ಆಕಿ ಮಲಗಿದ್ಲು.”

“ಮತ್ತ ಇವತ್ತು ಎರಡು ತಾಸು ಅದ್ಯಾರಿಗೆ ಹೇಳಿದಿ?”

ಅಂವಾ ಬಸ್ಸಿನ ಮೆಟ್ಟಿಲ ಮ್ಯಾಲ ಕಾಲಿಟ್ಟು ನಿಂತಾ. “ಎಲ್ಲಾರ ಮುಂದ ಪ್ಲಗ್ಗು ತಗಿಯಾಕಿ, ನನ್ನ ಮುಂದಷ್ಟ ಹಾಕ್ಕೊಂಡು ಕುಂದರತಾಳಲ್ಲ ತಂಗಿ. ಹಂಗ ಹಾಕ್ಕೊಂಡು ಕುಂತಾಕಿ ಮುಂದ ಸುಮ್ಮನ ಇರಾಕ ಬರತೈತೇನು?”

ಬಸ್ಸು ಹೋತು. ನನಗ ದಾರಿಗುಂಟ ಅಳು ತಡಿಯಾಕ ಆಗಲಿಲ್ಲ. ಮನಿಗೆ ಬಂದು ನೋಡಿದೆ. ಆಯಿ ಕಟ್ಟಿಮ್ಯಾಲ ಕುಂತು ಬಸ್ಸು ಹೋದ ದಿಕ್ಕು ನೋಡಾಕ ಹತ್ತಿದ್ಲು. ವಾಯರು ಕಿವ್ಯಾಗ ಇತ್ತು. ಪ್ಲಗ್ಗು ಇನ್ನೂ ತಗದಿರಲಿಲ್ಲ.