ಅಕ್ಕಿ ಮಿಲ್ಲಿನ ಚಾಡಿಕೋರ

ಮೋಟರು ನಿಂತರೆ ನಮ್ಮ ಕಡೆ ಯಾರೂ ಮೋಟರನ್ನು ಬೈಯುವುದಿಲ್ಲ. ಯಾಕೆ ನಿಂತಿತೆಂದು ಹೇಳಿದ್ದನ್ನು ಬೈಯುತ್ತಾರೆ. ಹೇಳುವುದು ರಿಲೇ. ಅಂಗೈಯಗಲದ ಡಬ್ಬಿ. ಮೋಟರು ಸುಡುವ ಮುಂಚೆ ಅದನ್ನು ನಿಲ್ಲಿಸಿ, ಕಾರಣವನ್ನು ಪುಟ್ಟ ಪರದೆಯ ಮೇಲೆ ತೋರಿಸುತ್ತದೆ. ಅದನ್ನು ಮೋಟರಿಗೆ ಕೂಡಿಸುವುದು ನನ್ನ ಕೆಲಸವಾದ್ದರಿಂದ ಬೈಗುಳದಲ್ಲಿ ನನಗೂ ಪಾಲು.

ಮೊದಲನೆಯದನ್ನು ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿಗೆ ಪರೀಕ್ಷೆಗೆಂದು ಕೊಟ್ಟಿದ್ದೆ. ಮೆಚ್ಚಿದರೆ ಅದರ ಮಾಲೀಕರಾದ ಸಾಹುಕಾರರ ಕುರುಗೋಡಿನ ಮಿಲ್ಲಿಗೂ ಒಂದು. "ಡಬ್ಬಿ ವಾಪಸ್ ಬಂದರೆ ನೀನೂ ಮನೆಗೆ" ಎಂದಿದ್ದರು ಬಳ್ಳಾರಿಯ ನಮ್ಮ ಮ್ಯಾನೇಜರು. ಮಿಲ್ಲು ನೋಡಿಕೊಳ್ಳುತ್ತಿದ್ದವನು ಸಾಹುಕಾರರ ಅಳಿಯ.

ಟವೆಲ್ಲು

ಅಳಿಯ ಫೋನು ಮಾಡಿದ. "ಸಾರ್, ನಿಮ್ಮ ಡಬ್ಬಿ ಸುಳ್ಳು ಹೇಳತೈತ್ರಿ. ಓವರ್‌ಲೋಡ್ ಅಂತೈತಿ. ಇಲ್ಲಿ ಏನೂ ಇಲ್ಲ."

ಬಸ್ಸು ಹಿಡಿದು ಹೋದೆ. ಭತ್ತ ಮೇಲೆತ್ತುವ ಬೆಲ್ಟಿನ ಬುಡ ಬಿಚ್ಚಿಸಿದೆ. ಒಂದು ಖಾಲಿ ಚೀಲ ಬಂತು. ಎಳೆದರೆ ಅದರ ಹಿಂದೆ ಟವೆಲ್ಲು.

"ಯಾರದ್ರಿ ಇದು?"

"ಟವೆಲ್ ನಂದ ಐತ್ರಿ," ಎಂದ ಅಳಿಯ. "ತಪ್ಪು ನಂದಲ್ಲ."

ಅಮಾವಾಸ್ಯೆ

ಅಮಾವಾಸ್ಯೆಯ ಪೂಜೆ ಮುಗಿದಿದ್ದೇ ಮೋಟರು ನಿಂತಿತು. "ಪರದೆ ಖಾಲಿ ಐತ್ರಿ, ಏನೂ ಹೇಳವಲ್ದು" ಎಂದ ಅಳಿಯ. ಹೋಗಿ ನೋಡಿದರೆ ಪರದೆಯ ಮೇಲೆ ದಪ್ಪನೆಯ ವಿಭೂತಿ ಪಟ್ಟೆ. ಒರೆಸಿದೆ. ಕರೆಂಟು ಭೂಮಿಗೆ ಸೋರುತ್ತಿದೆ ಎಂದಿತ್ತು.

"ಕಾಯಿ ಎಲ್ಲಿ ಒಡೆದ್ರಿ?"

"ಮೋಟರಿನ ತಲಿ ಮ್ಯಾಲ."

ಕಾಯಿನೀರು ಮೋಟರಿನ ವೈರಿನ ಡಬ್ಬಿಯೊಳಗೆ ಇಳಿದಿತ್ತು.

"ಪೂಜಿ ಮಾಡಿದವರ ತಪ್ರಿ ಅದು."

"ಯಾರು ಮಾಡಿದ್ದು?" ಎಂದೆ.

ಸಾಹುಕಾರರು ಕುಂತಲ್ಲಿಂದಲೇ ಅಳಿಯನತ್ತ ಬೆರಳು ಮಾಡಿ ಹೇಳಿದರು: "ಅವನ ಮಾಡಿದ್ದು."

ಒಳದೋಷ

ಈ ಸಲ ಫೋನು ಮಾಡಿದ್ದು ಸಾಹುಕಾರರು. "ಬಂದು ನಿಮ್ಮ ಡಬ್ಬಿ ಒಯ್ರಿ. ಮೋಟರು ಶುರುವಾಗವಲ್ದು."

ಹೋದೆ. ಪರದೆಯ ಮೇಲೆ 'ರಿಲೇ ಒಳದೋಷ' ಎಂದಿತ್ತು. ಅಳಿಯನ ಮುಖದಲ್ಲಿ ಹಬ್ಬ. "ನಾ ಮೊದ್ಲ ಹೇಳಿದ್ನಿಲ್ಲ, ಕೆಟ್ಟಿದ್ದು ಇದರಾಗ ಐತಿ ಅಂತ."

ನನ್ನ ಕೆಲಸ ಹೋಯಿತು ಎಂದುಕೊಂಡೆ. ಆದರೂ ವಿವರ ತೆಗೆದು ಓದಿದೆ: ರೀಸೆಟ್ ಗುಂಡಿ ಒತ್ತಿದ್ದು ಒತ್ತಿದಂತೆಯೇ ಇದೆ. ಬಗ್ಗಿ ನೋಡಿದರೆ, ಗುಂಡಿಯ ಸಂದಿನಲ್ಲಿ ಕಸಬರಿಗೆ ಕಡ್ಡಿ. ಮೋಟರು ನಿಂತಾಗಲೆಲ್ಲ ಎದ್ದು ಬಂದು ಗುಂಡಿ ಒತ್ತುವುದು ಬೇಸರವಾಗಿ ಯಾರೋ ಕಾಯಂ ಒತ್ತಿಟ್ಟಿದ್ದರು.

ಕಡ್ಡಿ ಕಿತ್ತೆ. ಮೋಟರು ಶುರುವಾಯಿತು.

"ಮತ್ತ ಒಳದೋಷ ಅಂತಿತ್ತಲ್ರಿ?" ಎಂದರು ಸಾಹುಕಾರರು.

"ಇದು ತನ್ನನ್ನ ತಾನ ಪರೀಕ್ಷೆ ಮಾಡ್ಕೊಂತೈತ್ರಿ. ನನ್ನೊಳಗ ತೊಂದ್ರಿ ಐತಿ, ನನ್ನ ನಂಬಬ್ಯಾಡ್ರಿ ಅಂತ ಹೇಳಿ ನಿಂತಿತ್ತು."

"ತಾನ ಹೇಳತೈತಾ? ಯಾರೂ ಕೇಳದ?"

"ಹೂಂ ರಿ."

ಸಾಹುಕಾರರು ಬಹಳ ಹೊತ್ತು ಅಳಿಯನನ್ನೇ ನೋಡಿದರು.

"ಡಬ್ಬಿ ಇಲ್ಲೇ ಇರ್ಲಿ. ಕುರುಗೋಡಿಗೆ ಒಂದು ಅಂದಿದ್ದೆ, ಎರಡು ಕಳಸ್ರಿ."

"ಅಲ್ಲಿರೋದು ಒಂದ ಮೋಟರಲ್ರಿ? ಇನ್ನೊಂದು ಯಾತಕ್ಕ?"

"ಇವಗ ಕೂಡಸಾಕ."

"ನನಗ್ಯಾಕ್ರಿ ಮಾವಾರ," ಎಂದ ಅಳಿಯ, "ಕಡ್ಡಿ ತಾನ ಹೋಗಿ ಸಿಕ್ಕೊಂಡೈತಿ."