ಫೈನಲ್ ಇಯರ್ ಕೆಮಿಸ್ಟ್ರಿಗೆ ನಾನೊಬ್ಬಳೇ

ನಮ್ಮ ಕೆಮಿಸ್ಟ್ರಿ ಮೇಷ್ಟ್ರು, ಗಲಾಟೆ ಮಾಡಿದರೆಂದು ಕೊನೆಯ ಬೆಂಚಿನವರನ್ನು ತರಗತಿಯಿಂದ ಹೊರಗೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೊನೆಯ ಬೆಂಚಿನಲ್ಲಿ ಯಾರೂ ಇರಲಿಲ್ಲ! ತಪ್ಪು ಹೇಳಬಾರದು, ಎರಡು ಪಾರಿವಾಳಗಳಿದ್ದವು. "ನೀವಿಬ್ರೂ ಆಚೆ ನಡೀರಿ, ಓದೋರಿಗೆ ತೊಂದ್ರೆ ಕೊಡಬೇಡಿ" ಎಂದು ಮೇಷ್ಟ್ರು ಡಸ್ಟರ್ ಹಿಡಿದ ಕೈಯನ್ನು ಕಿಟಕಿಯತ್ತ ಚಾಚಿದರು. ಅವು ಹೋದವು. ಓದೋರು ಎಂದರೆ ನಾನು. ನಾನೊಬ್ಬಳೇ.

ಇದು ಹೇಗಾಯಿತೆಂದು ನಿಧಾನವಾಗಿ ಹೇಳುತ್ತೇನೆ. ಅವಸರ ಮಾಡಿದರೆ ನೀವು ನಂಬುವುದಿಲ್ಲ. ನಾನು ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಶಿವಮೊಗ್ಗದ ಕಾಲೇಜಿಗೆ ಹೋಗುತ್ತಿದ್ದವಳು. ಬಿ.ಎಸ್ಸಿ. ಕೊನೆಯ ವರ್ಷಕ್ಕೆ ಬಂದಾಗ ಪ್ರತಿಯೊಬ್ಬರೂ ಒಂದು ಮುಖ್ಯ ವಿಷಯ ಆರಿಸಿಕೊಳ್ಳಬೇಕಿತ್ತು. ಎಲ್ಲರೂ ಕಂಪ್ಯೂಟರ್ ಕಡೆಗೆ ಓಡಿದರು. ಕೆಮಿಸ್ಟ್ರಿಗೆ ಕೈ ಎತ್ತಿದ್ದು ನಾನು ಮಾತ್ರ. ಎತ್ತಿದ ಕೈ ಇಳಿಸುವಷ್ಟರಲ್ಲಿ ಮೇಷ್ಟ್ರು ನನ್ನ ಹೆಸರು ಬರೆದುಕೊಂಡಾಗಿತ್ತು.

ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆಸಿದರು. "ಇವಳನ್ನ ಬಾಟನಿಗೆ ಸೇರಿಸಿಬಿಡಿ ಸಾರ್" ಎಂದರು.

"ಆಗಲ್ಲ ಸಾರ್. ವಿದ್ಯಾರ್ಥಿಗಳು ತುಂಬ ಆಸಕ್ತಿಯಿಂದ ಸೇರಿದ್ದಾರೆ" ಎಂದರು ಮೇಷ್ಟ್ರು.

"ಯಾವ ವಿದ್ಯಾರ್ಥಿಗಳು?"

"ಇವರು" ಎಂದು ಮೇಷ್ಟ್ರು ನನ್ನನ್ನು ತೋರಿಸಿದರು. ಪ್ರಿನ್ಸಿಪಾಲರು ನನ್ನ ಬೆನ್ನ ಹಿಂದೆಯೂ ಒಮ್ಮೆ ಬಗ್ಗಿ ನೋಡಿದರು. ಕೊನೆಗೆ ಒಂದು ಷರತ್ತು ಹಾಕಿದರು. ನಾನು ಹಾಜರಾತಿ ಉಳಿಸಿಕೊಂಡು ಪರೀಕ್ಷೆಗೆ ಕೂತರೆ ಸರಿ. ಕೂರದಿದ್ದರೆ ಬರುವ ವರ್ಷದಿಂದ ಫೈನಲ್ ಇಯರ್ ಕೆಮಿಸ್ಟ್ರಿಗೇ ಬೀಗ!

ಅಬ್ಬುಗೆ, ಅಂದರೆ ನಮ್ಮ ಅಪ್ಪನಿಗೆ, ಭದ್ರಾವತಿಯಲ್ಲಿ ಬೈಕ್ ರಿಪೇರಿಯ ಶೆಡ್ಡು ಇದೆ. ಸುದ್ದಿ ಕೇಳಿ ಅವರು ಸ್ಪ್ಯಾನರ್ ಕೆಳಗಿಟ್ಟರು. "ಅರೆ! ಒಬ್ಬಳಿಗೇ ಒಬ್ಬ ಮೇಷ್ಟ್ರಾ ಬೇಟಾ? ನವಾಬರ ಮನೇಲೂ ಹಂಗಿರ್ಲಿಲ್ಲ ಕಣೇ!"

ನವಾಬರ ಮನೆಯ ಹುಡುಗಿಯರಿಗೆ ಹಾಜರಿ ಕೂಗುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ಕೂಗುತ್ತಿದ್ದರು. ಮೇಷ್ಟ್ರು ಕೋಣೆಗೆ ಬಂದು, ರಿಜಿಸ್ಟರ್ ಬಿಚ್ಚಿ, ಖಾಲಿ ಬೆಂಚುಗಳು ಸುಮ್ಮನಾಗುವವರೆಗೆ ಕಾದು, "ರೋಲ್ ನಂಬರ್ ಒನ್!" ಎನ್ನುತ್ತಿದ್ದರು. ನಾನು "ಪ್ರೆಸೆಂಟ್ ಸಾರ್" ಎಂದರೆ, ದನಿ ಎಲ್ಲಿಂದ ಬಂತೆಂದು ಇಡೀ ಕೋಣೆಯನ್ನು ಹುಡುಕಿ ನನ್ನ ಮುಖದ ಮೇಲೆ ಕಣ್ಣು ನಿಲ್ಲಿಸುತ್ತಿದ್ದರು. ಒಂದು ದಿನ ನನಗೆ ನಗು ತಡೆಯಲಾಗಲಿಲ್ಲ.

"ಯಾರದು ನಗೋದು? ಎದ್ದು ನಿಲ್ಲಿ!"

ನಿಂತೆ.

"ನೀವಾ! ಬೇರೆ ಯಾರಾದ್ರೂ ಆಗಿದ್ರೆ ನನಗೆ ಬೇಜಾರಿರಲಿಲ್ಲ."

ಕಿರುಪರೀಕ್ಷೆಗೆ, ಕಾಪಿ ಹೊಡೆಯಬಾರದೆಂದು ಎ ಸೆಟ್, ಬಿ ಸೆಟ್ ಎಂದು ಎರಡು ಪ್ರಶ್ನೆಪತ್ರಿಕೆ ತಯಾರಿಸಿದ್ದರು. ನನಗೆ ಬಿ ಸೆಟ್ ಬಂತು. ಎ ಸೆಟ್ ಯಾರಿಗೆಂದು ಕೇಳುವ ಧೈರ್ಯ ಬರಲಿಲ್ಲ. ಅಂಕ ಕಡಿಮೆ ಬಂದಾಗ, "ಈ ಸಲ ತರಗತಿಯ ಸರಾಸರಿಯೇ ಕುಸಿದಿದೆ. ಯಾರೋ ಒಬ್ಬರು ಎಲ್ಲರನ್ನೂ ಕೆಳಗೆ ಎಳೀತಿದ್ದಾರೆ. ಹೆಸರು ಹೇಳೋದು ಬೇಡ" ಎಂದರು. ಅವರ ಸೌಜನ್ಯಕ್ಕೆ ಏನು ಹೇಳಲಿ!

ಲ್ಯಾಬಿನ ವಿಷಯವೇ ಬೇರೆ. ಎಸ್ಟರ್ ಎಂಬ ದ್ರವವನ್ನು ಆಮ್ಲದಲ್ಲಿ ಬೆರೆಸಿಟ್ಟು, ಹೊತ್ತು ಹೊತ್ತಿಗೆ ಸ್ವಲ್ಪ ತೆಗೆದು, ಬ್ಯೂರೆಟ್ ಎಂಬ ಗಾಜಿನ ಕೊಳವೆಯಿಂದ ಕ್ಷಾರವನ್ನು ಹನಿಹನಿಯಾಗಿ ಬಿಡುತ್ತಾ, ತಿಳಿ ಗುಲಾಬಿ ಬಣ್ಣ ಬಂದ ಕೂಡಲೇ ನಿಲ್ಲಿಸುವ ಪ್ರಯೋಗ. ಒಬ್ಬರು ಗಡಿಯಾರ ನೋಡಬೇಕು, ಇನ್ನೊಬ್ಬರು ಹನಿ ಬಿಡಬೇಕು. ಇನ್ನೊಬ್ಬರು ಎಲ್ಲಿದ್ದಾರೆ? ಮೇಷ್ಟ್ರು ಬಿಳಿ ಕೋಟು ಬಿಚ್ಚಿ ಮೊಳೆಗೆ ತಗುಲಿಸಿ ನನ್ನ ಪಕ್ಕ ಬಂದು ನಿಂತರು. "ಈಗ ನಾನು ನಿಮ್ಮ ಪಾರ್ಟ್ನರ್. ಮೇಷ್ಟ್ರು ಹೊರಗೆ ಹೋಗಿದ್ದಾರೆ."

ಪಾರ್ಟ್ನರ್ ಆಗಿ ಅವರಷ್ಟು ಮೈಗಳ್ಳರನ್ನು ನಾನು ನೋಡಿಲ್ಲ. ಬ್ಯೂರೆಟ್ ತೊಳೆಯಲಿಲ್ಲ. ಗಡಿಯಾರ ನೋಡುವ ಬದಲು ಕ್ಯಾಂಟೀನಿನ ಬೋಂಡದ ಬಗ್ಗೆ ಮಾತಾಡಿದರು. ಆ ಮಾತಿಗೆ ಕಿವಿಗೊಟ್ಟು ನಾನು ಒಂದು ಹನಿ ಹೆಚ್ಚು ಬಿಟ್ಟೆ. ತಿಳಿ ಗುಲಾಬಿ ಬರಬೇಕಾದ ಕಡೆ ಬೀಟ್‌ರೂಟ್ ಬಣ್ಣ ಬಂತು. ತಕ್ಷಣ ಅವರು ಹೋಗಿ ಕೋಟು ಹಾಕಿಕೊಂಡು ಬಂದರು.

"ಯಾರು ಹಾಳು ಮಾಡಿದ್ದು ಇದನ್ನ?"

ಮೇಷ್ಟ್ರು ಕೋಟು ಬಿಚ್ಚಿದರು. "ಸಾರ್, ಹನಿ ಜಾಸ್ತಿ ಬಿಟ್ಟಿದ್ದು ಇವರೇ ಸಾರ್. ನಾನು ಬೇಡ ಅಂದೆ."

ಇಂಥ ದ್ರೋಹವನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಹೀಗಿರುವಾಗ ನಮ್ಮ ಅಮ್ಮಿ ಅಡುಗೆಮನೆಯಲ್ಲಿ ಕುಸಿದು ಬಿದ್ದರು. ಹೊಟ್ಟೆಯಲ್ಲಿ ಗಡ್ಡೆ. ಮೈಯಲ್ಲಿ ರಕ್ತವೇ ಇಲ್ಲ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಉಳಿಸಿಕೊಂಡು, ರಕ್ತ ಏರಿದ ಮೇಲೆ ಆಪರೇಷನ್ ಎಂದರು. ಹೆಂಗಸರ ವಾರ್ಡಿನಲ್ಲಿ ಗಂಡಸರು ಉಳಿಯುವಂತಿಲ್ಲ. ನಾನೇ ಉಳಿದೆ. ಕಾಲೇಜು ತಪ್ಪಿತು. ಹಾಜರಾತಿ ಅಂಚಿಗೆ ಬಂದು ನಿಂತಿತು. ಅಮ್ಮಿ ಕಣ್ಣು ತೆರೆದಾಗಲೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: "ಪರೀಕ್ಷೆ ಬಿಡ್ತೀಯಾ?" "ಬಿಡಲ್ಲ ಅಮ್ಮಿ" ಎನ್ನುತ್ತಿದ್ದೆ. ಹೇಗೆ ಬಿಡುವುದಿಲ್ಲವೆಂದು ನನಗೇ ಗೊತ್ತಿರಲಿಲ್ಲ.

ಮೇಷ್ಟ್ರಿಗೆ ಫೋನ್ ಮಾಡಿ, ನಾಲ್ಕು ದಿನ ಸುಮ್ಮನೆ ಹಾಜರಿ ಹಾಕಿಬಿಡಿ ಸಾರ್ ಎಂದು ಕೇಳಿಕೊಂಡೆ. ಅವರು, "ಇಲ್ಲದವರನ್ನ ಇದ್ದಾರೆ ಅಂತ ಹೇಗಮ್ಮ ಬರೆಯೋದು?" ಎಂದರು. ಖಾಲಿ ಬೆಂಚಿಗೆ ಗದರುವ ಮನುಷ್ಯ ಹೇಳಿದ ಮಾತಿದು! ನನಗೆ ಸಿಟ್ಟು ಬಂತು.

ಮರುದಿನ ಸಂಜೆ ನಾಲ್ಕಕ್ಕೆ, ರೋಗಿಗಳನ್ನು ನೋಡಲು ಬಿಡುವ ಹೊತ್ತಿನಲ್ಲಿ, ವಾರ್ಡಿನ ಹೊರಗಿನ ಮೆಟ್ಟಿಲ ಮೇಲೆ ಮೇಷ್ಟ್ರು ನಿಂತಿದ್ದರು. ಒಂದು ಕೈಯಲ್ಲಿ ರಿಜಿಸ್ಟರ್, ಇನ್ನೊಂದರಲ್ಲಿ ಮಕ್ಕಳ ಸ್ಲೇಟು. ತರಗತಿಯ ಸಮಯವನ್ನೂ ಜಾಗವನ್ನೂ ಬದಲಾಯಿಸಲು ಪ್ರಿನ್ಸಿಪಾಲರ ಒಪ್ಪಿಗೆ ಪಡೆದು ಬಂದಿದ್ದರು. "ಇಡೀ ತರಗತಿ ಒಪ್ಪಿದೆಯಾ ಅಂತ ಕೇಳಿದ್ರು. ಒಮ್ಮತದಿಂದ ಅಂದೆ. ಈಗ ಕೈ ಎತ್ತಿ." ಎತ್ತಿದೆ. "ರೋಲ್ ನಂಬರ್ ಒನ್!" ಎಂದು ಪಿಸುಗುಟ್ಟಿದರು. ವಾರ್ಡಿನ ನರ್ಸಮ್ಮ ಅಷ್ಟಕ್ಕೇ ದುರುಗುಟ್ಟಿ ನೋಡಿದರು.

ಅಂದಿನಿಂದ ದಿನವೂ ಮೆಟ್ಟಿಲ ಮೇಲೆ ಪಾಠ. ಮೈಗೆ ಹೋದ ಔಷಧಿ ಇಷ್ಟು ಗಂಟೆಗೆ ಅರ್ಧವಾಗುತ್ತದೆ, ಮತ್ತಷ್ಟೇ ಗಂಟೆಗೆ ಅದರ ಅರ್ಧವಾಗುತ್ತದೆ ಎಂದು ಸ್ಲೇಟಿನ ಮೇಲೆ ಗೆರೆ ಎಳೆಯುತ್ತಿದ್ದರು. ಹೆಂಡತಿಗೆ ಬುತ್ತಿ ತಂದ ಆಯನೂರಿನ ಯಜಮಾನರೊಬ್ಬರು ಅಲ್ಲೇ ಕೂತು ಕೇಳುತ್ತಿದ್ದವರು ಒಂದು ದಿನ ಬಾಯಿ ಹಾಕಿದರು.

"ಅಲ್ಲ ಮೇಷ್ಟ್ರೇ, ಹಿಂಗೆ ಅರ್ಧರ್ಧ ಆಗ್ತಾ ಹೋದ್ರೆ ಪೂರ್ತಿ ಮುಗಿಯೋದು ಯಾವಾಗ?"

ಮೇಷ್ಟ್ರ ಮುಖ ಅರಳಿತು. "ಎಂಥ ಪ್ರಶ್ನೆ! ಲೆಕ್ಕದ ಪ್ರಕಾರ ಮುಗಿಯೋದೇ ಇಲ್ಲ."

"ಹಂಗಾದ್ರೆ ನಿಮ್ಮ ಪಾಠದಂಗೇ ಬಿಡಿ ಮಾರಾಯ್ರೇ" ಎಂದು ಯಜಮಾನರು ಬುತ್ತಿ ಎತ್ತಿಕೊಂಡು ಒಳಗೆ ಹೋದರು.

ಕೊನೆಗೆ ಒಂದು ದಿನ ಮಧ್ಯಾಹ್ನ ಮೂರಕ್ಕೆ ಆಪರೇಷನ್ ಎಂದು ನಿಗದಿಯಾಯಿತು. ತರಗತಿ ನಾಲ್ಕಕ್ಕೆ. ಇನ್ನೊಂದು ಹಾಜರಿ ತಪ್ಪಿದರೂ ಪರೀಕ್ಷೆ ಇಲ್ಲ. ಏನೇ ಆಗಲಿ, ಮೇಷ್ಟ್ರು ಕೂಗಿದಾಗ ಪ್ರೆಸೆಂಟ್ ಎನ್ನುವುದೇ ಎಂದು ನಿರ್ಧರಿಸಿದೆ. ಅಮ್ಮಿಯನ್ನು ಒಳಗೆ ಕರೆದೊಯ್ದರು. ಅಬ್ಬು ರಕ್ತ ತರಲು ಓಡಿದರು. ನಾನು ಥಿಯೇಟರಿನ ಎದುರಿನ ಕುರ್ಚಿಯಲ್ಲಿ ನೋಟ್ಸ್ ತೆರೆದು, ಪೆನ್ನು ಹಿಡಿದು ಕೂತೆ.

ಮೇಷ್ಟ್ರು ಬಂದರು. ಸ್ಲೇಟು ಇರಲಿಲ್ಲ. ರಿಜಿಸ್ಟರೂ ಇರಲಿಲ್ಲ. ನಾನು ಎದ್ದು ನಿಂತೆ.

"ಬರ್ಕೊಳ್ತೀನಿ ಸಾರ್. ಶುರು ಮಾಡಿ."

"ಇವತ್ತು ಕ್ಲಾಸಿಲ್ಲಮ್ಮ. ನಾನು ರಜೆ ಹಾಕಿದೀನಿ."

"ನನ್ನ ಹಾಜರಿ?"

"ಮೇಷ್ಟ್ರೇ ರಜೆ ಇರೋವಾಗ ಹುಡುಗ್ರಿಗೆ ಆಬ್ಸೆಂಟ್ ಹಾಕೋಕೆ ಬರಲ್ಲ. ಕೂತ್ಕೊಳ್ಳಿ."

ಪಕ್ಕದ ಕುರ್ಚಿಯಲ್ಲಿ ಅವರೂ ಕೂತರು. ನಾನು ಕೇಳಿದೆ.

"ಕಾರಣ ಏನು ಬರೆದ್ರಿ ಸಾರ್?"

"ಮನೆಯವರಿಗೆ ಆಪರೇಷನ್ ಅಂತ."

"ಸುಳ್ಳು ಬರೆದ್ರಾ ಸಾರ್?"

ಅವರು ಥಿಯೇಟರಿನ ಬಾಗಿಲನ್ನೇ ನೋಡುತ್ತಿದ್ದರು. "ಸುಳ್ಳೇನಮ್ಮ ಅದು?" ಎಂದರು.

ನಾನು ನೋಟ್ಸ್ ಮುಚ್ಚಿದೆ. ಎಷ್ಟೋ ದಿನಗಳಿಂದ ನಿದ್ದೆ ಇರಲಿಲ್ಲ. ಕೂತಲ್ಲೇ ಕಣ್ಣು ಎಳೆಯಿತು. ಎಷ್ಟು ಹೊತ್ತಾಯಿತೋ, ಮೇಷ್ಟ್ರು ಮೆಲ್ಲಗೆ ಭುಜ ತಟ್ಟಿದರು.

"ಏಳು ಮಗಳೇ. ಅಮ್ಮಿ ಕರೀತಿದ್ದಾರೆ."